ಹೊಸ್ತಿಲಾಚೆಯ ಮೀನೆಣ್ಣೆ

ಕಾಯಿ ಸುಲಿಯುವ ಹಾರೆಯನ್ನು ನಮ್ಮ ಕಡೆ ಅಂಗಳದಲ್ಲೇ ನೆಟ್ಟಿರುತ್ತಾರೆ. ಬುಡ ನೆಲದೊಳಗೆ, ಚೂಪು ಮೇಲಕ್ಕೆ. ಸುಲಿಯುವ ಆಳಿನ ಸೊಂಟದ ಮಟ್ಟಕ್ಕೆ ಬರುವ ಆ ಚೂಪು ನಾಲ್ಕು ವರ್ಷದ ಮಗುವಿನ ಮುಖದ ಮಟ್ಟಕ್ಕೆ ಸರಿಯಾಗಿರುತ್ತದೆ ಎಂದು ನಾನು ಅದುವರೆಗೆ ಯೋಚಿಸಿದವಳಲ್ಲ. ಅವತ್ತು ಆಳುಗಳು ಕೆಲಸ ಮುಗಿಸಿ ಹೋಗಿದ್ದರು. ಹಾರೆ ಹಾಗೇ ನಿಂತಿತ್ತು, ಸುತ್ತ ಸುಲಿದ ಮಟ್ಟೆಯ ರಾಶಿ. ನಾನು ಜಗಲಿಯ ಮೇಲೆ ಕೂತು ಕೈಕೂಸಿಗೆ ಹಾಲು ಕುಡಿಸುತ್ತಿದ್ದೆ. ದೊಡ್ಡವಳು, ನನ್ನ ಮಗಳು, ಕೊಟ್ಟಿಗೆಯ ಕಡೆಯಿಂದ ಕೂಗಿದಳು.

"ಅಮ್ಮಾ, ಎಲ್ಲಿದೀಯೆ?"

"ಇಲ್ಲೇ ಇದೀನಲ್ಲೇ, ಬಾ."

ನನ್ನ ದನಿ ಬಂದ ಕಡೆಗೆ ಅವಳು ಓಡಿಬಂದಳು. ನೇರ ಹಾರೆಯ ಕಡೆಗೆ. ಬಳಸಿಕೊಂಡು ಬರುತ್ತಾಳೆ ಎಂದು ನಾನು ನೋಡುತ್ತಲೇ ಇದ್ದೆ. ಅವಳು ಬಳಸಲಿಲ್ಲ.

"ನಿಲ್ಲೇ!" ಎಂದು ಕಿರುಚಿದೆ. ಕೂಸು ಬೆಚ್ಚಿ ಎದೆ ಬಿಟ್ಟು ಅತ್ತಿತು. ಅವಳು ನಿಂತಳು.

"ಎದುರಿಗೆ ಹಾರೆ ಐತೆ, ಕಾಣಾಕಿಲ್ವೇನೇ?"

"ಎಲ್ಲೈತೆ?" ಎಂದು ಅವಳು ಕೈ ಮುಂದೆ ಚಾಚಿದಳು. ಬೆರಳು ಕಬ್ಬಿಣಕ್ಕೆ ತಾಗಿತು. ತಾಗಿದ ಮೇಲೆ, ಅದು ಏನೆಂದು ಗೊತ್ತಾದ ಮೇಲೆ, ಅವಳು ಹೆದರಿ ಹಿಂದಕ್ಕೆ ಕುಸಿದು ಕೂತಳು.

ಆಗಿನ್ನೂ ಕತ್ತಲಾಗಿರಲಿಲ್ಲ. ತೆಂಗಿನ ಗರಿಗಳ ಸಂದಿನಲ್ಲಿ ಬೆಳಕಿತ್ತು. ನಾನು ಕೂತಲ್ಲಿಂದ ಅವಳ ಕಿವಿಯ ಓಲೆ ಕಾಣುತ್ತಿತ್ತು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಾಯಸಂದ್ರದ ಕಡೆಯವಳು, ಬಿಳಿಗೆರೆಯಲ್ಲಿ ಬಸ್ಸಿಳಿದು ತೋಟಗಳ ನಡುವೆ ನಡೆದು ಹೋಗಬೇಕಾದ ಒಂದು ಊರಿಗೆ ಮದುವೆಯಾಗಿ ಬಂದಿದ್ದೆ. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ಎರಡು ಮಕ್ಕಳು. ಅಟ್ಟದ ತುಂಬ ಕೊಬ್ಬರಿಗೆಂದು ಕೂಡಿಟ್ಟ ಕಾಯಿ, ಕೊಟ್ಟಿಗೆಯ ತುಂಬ ದನ. ಹೊಟ್ಟೆಗೆ ಕಡಿಮೆ ಇದ್ದ ಮನೆಯಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಡಾಕ್ಟರು "ಮಗೀಗೆ ಊಟ ಸಾಲ್ದಾಗಿದೆ" ಎಂದಾಗ ನನ್ನ ಗಂಡನಿಗೆ ಮೈಯೆಲ್ಲ ಉರಿದುಹೋಗಿತ್ತು.

ಯುಗಾದಿಗೆ ಮುಂಚೆ ಅವಳಿಗೆ ಅಮ್ಮ ಆಗಿತ್ತು. ಪೇಟೆಯವರು ದಡಾರ ಅನ್ನುವುದು ಅದಕ್ಕೇ. ಬೇವಿನ ಸೊಪ್ಪು ಹಾಸಿ ಮಲಗಿಸಿ, ಎಲ್ಲರ ಮನೆಯಲ್ಲೂ ಮಾಡುವಂತೆ ಪಥ್ಯ ಮಾಡಿದೆವು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಸೊಪ್ಪು ಇಲ್ಲ, ಒಗ್ಗರಣೆಯ ವಾಸನೆ ಕೂಡ ಮೂಗಿಗೆ ಬೀಳಬಾರದು. ಗಂಜಿ ಒಂದೇ. ಅಮ್ಮ ಇಳಿದುಹೋಯಿತು, ಆದರೆ ಭೇದಿ ಹಿಡಿದುಕೊಂಡಿತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಗುಂಡಗಿದ್ದ ಹುಡುಗಿ ಕಡ್ಡಿಯಾದಳು. ಕೈಕೂಸಿನ ಆರೈಕೆಯ ನಡುವೆ ನಾನು ಅವಳ ಹೊಟ್ಟೆಯನ್ನೇ ನೋಡುತ್ತಿದ್ದೆ, ಕಣ್ಣನ್ನು ನೋಡಿರಲಿಲ್ಲ.

ಹಾರೆಯ ವಿಷಯ ಹೇಳಿದಾಗ ನನ್ನ ಗಂಡ, "ಆಟ ಆಡ್ತಾಳೆ ಬುಡೆ" ಎಂದರು. ಮರುದಿನ ದೀಪ ಹಚ್ಚುವ ಹೊತ್ತಿಗೆ ಅತ್ತೆ ಒಂದು ತುಂಡು ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡು ಮೊಮ್ಮಗಳ ಎದುರು ಹಿಡಿದರು. "ಏನೈತೆ ಯೋಳು ನೋಡನ?" ಅವಳು ಅಜ್ಜಿಯ ಮುಖದ ಕಡೆಗೆ ನೋಡುತ್ತ, ಮುಖವೂ ಕಾಣದೆ, ಸುಮ್ಮನೆ ನಕ್ಕಳು. ಕೈ ಗಾಳಿಯಲ್ಲಿ ಆಡಿಸಿದಳು. ಅತ್ತೆ ಬೆಲ್ಲವನ್ನು ಅವಳ ಬಾಯಿಗೇ ಇಟ್ಟು, ಒಳಗೆ ಬಂದು ನನ್ನ ಹತ್ತಿರ ನಿಂತರು.

"ಇರುಳುಗಣ್ಣು ಕಣವ್ವ" ಎಂದರು. ಮೆಲ್ಲಗೆ, ಬೇರೆ ಯಾರಿಗೂ ಕೇಳಬಾರದು ಎನ್ನುವ ಹಾಗೆ.

ಅದಕ್ಕೆ ಅವರಿಗೆ ಗೊತ್ತಿದ್ದ ಔಷಧಿ ಅಗಸೆ ಸೊಪ್ಪು. ಬೇಸಿಗೆ, ಸೊಪ್ಪು ಸಿಗುವುದು ಕಷ್ಟ. ವೀಳ್ಯದೆಲೆ ಬಳ್ಳಿ ಹಬ್ಬಿಸಲು ಅಗಸೆ ಗಿಡ ಹಾಕಿದ್ದವರ ತೋಟಕ್ಕೆ ಅವರೇ ಬಿಸಿಲಲ್ಲಿ ನಡೆದುಹೋಗಿ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಬೇಯಿಸಿ, ಅರೆದು, ತುಪ್ಪ ಹಾಕಿ, ಅನ್ನದಲ್ಲಿ ಕಲಸಿ ತಿನ್ನಿಸಿದೆವು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸೊಪ್ಪು ಹೇಗೆ ಹೋಯಿತೋ ಹಾಗೇ ಭೇದಿಯಲ್ಲಿ ಹೊರಗೆ ಬಂತು. ಸಂಜೆಯಾದರೆ ಅವಳು ಗೋಡೆ ಹಿಡಿದುಕೊಂಡು ಓಡಾಡಲು ಕಲಿತಳು. ಅವಳು ಕಲಿತದ್ದು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಒಂದು ಬೆಳಗ್ಗೆ ಮುಖ ತೊಳೆಸುವಾಗ ಅವಳ ಎಡಗಣ್ಣಿನ ಬಿಳಿಯಲ್ಲಿ, ಕಪ್ಪುಗುಡ್ಡೆಯ ಪಕ್ಕದಲ್ಲೇ, ಸೋಪಿನ ನೊರೆ ಒಣಗಿ ಅಂಟಿಕೊಂಡಂಥ ಮಚ್ಚೆ ಕಂಡಿತು. ಒರೆಸಿದೆ. ಹೋಗಲಿಲ್ಲ. ಬಿಸಿಲಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಳುತ್ತಿದ್ದಳು, ಆದರೆ ಆ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಆ ಒಣ ಅಳು ನೋಡಿದ ಮೇಲೆ ನಾನು ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, "ಇವತ್ತು ತಿಪಟೂರಿಗೆ ಹೋಗ್ಲೇಬೇಕು" ಎಂದು ಗಂಡನ ಮುಂದೆ ನಿಂತೆ. ಅವರು ಅಂಗಿ ಹಾಕಿಕೊಂಡು ಹೊರಟರು.

ಡಾಕ್ಟರು ವಯಸ್ಸಾದವರು, ಮಾತು ಗಡಸು. ಟಾರ್ಚು ಬಿಟ್ಟು ಕಣ್ಣು ನೋಡಿದರು, ರೆಪ್ಪೆ ಮೇಲೆತ್ತಿ ಮತ್ತೆ ನೋಡಿದರು. ಅಮ್ಮ ಆಗಿದ್ದು, ಪಥ್ಯ, ಭೇದಿ ಎಲ್ಲ ಕೇಳಿಕೊಂಡರು. "ಮಗೀಗೆ ಊಟ ಸಾಲ್ದಾಗಿದೆ" ಎಂದದ್ದು ಆಗಲೇ. ಆಮೇಲೆ ಕಪಾಟಿನಿಂದ ಒಂದು ಕಂದು ಬಣ್ಣದ ಸೀಸೆ ತೆಗೆದು ಮೇಜಿನ ಮೇಲಿಟ್ಟರು.

"ದಿನಾ ಬೆಳಗ್ಗೆ ಇದು ಕುಡಿಸಿ. ಕಣ್ಣಿಗೆ ಈ ಮುಲಾಮು. ಭೇದಿಗೆ ಬೇರೆ ಔಷ್ಧಿ ಕೊಡ್ತೀನಿ."

"ಏನ್ ಸಾರ್ ಇದು?" ಎಂದು ನನ್ನ ಗಂಡ ಸೀಸೆಯನ್ನು ಕೈಗೆತ್ತಿಕೊಂಡರು.

"ಮೀನೆಣ್ಣೆ."

ಅವರು ಸೀಸೆಯನ್ನು ಎತ್ತಿಕೊಂಡಷ್ಟೇ ಬೇಗ ಕೆಳಗಿಟ್ಟರು. ಕೈಯನ್ನು ಪಂಚೆಗೆ ಒರೆಸಿಕೊಂಡರು. "ನಾವು ಲಿಂಗ ಕಟ್ಟಿದೋರು ಸಾರ್. ಇಂಥದ್ದೆಲ್ಲ ಮುಟ್ಟಲ್ಲ."

"ನಿಮಗಲ್ವಲ್ಲ ಕೊಟ್ಟಿದ್ದು, ಮಗೀಗೆ."

"ಬೇರೆ ಏನೂ ಇಲ್ವಾ ಸಾರ್?"

"ಇದೆ. ಮಾತ್ರೆ ಇದೆ, ಇಂಜೆಕ್ಷನ್ ಇದೆ. ಇವತ್ತು ಈ ಊರಲ್ಲಿಲ್ಲ. ತುಮಕೂರಿಂದ ತರಿಸ್ಬೇಕು, ಯಾವತ್ತು ಬರುತ್ತೋ ಹೇಳಕ್ಕಾಗಲ್ಲ. ಎಡಗಣ್ಣು ಅಲ್ಲೀವರ್ಗೂ ಕಾಯಲ್ಲ ಕಣಯ್ಯ."

"ಕಾದ್ರೆ ಏನಾಯ್ತದೆ?" ಎಂದು ಕೇಳಿದವಳು ನಾನು. ಅವರು ಮೊದಲ ಸಲ ನನ್ನ ಕಡೆ ತಿರುಗಿದರು.

"ಈ ಕಪ್ಪುಗುಡ್ಡೆ ಮೇಲೆ ಆಗ್ಲೇ ಸಣ್ಣ ಹುಣ್ಣು ಕಾಣ್ತಿದೆ. ಮೇಣದ ಥರ ಮೆತ್ತಗಾಗಿ ಕರಗಿಹೋಗುತ್ತಮ್ಮ. ಕರಗಿದ ಮೇಲೆ ನಾನಲ್ಲ, ಯಾರು ಬಂದ್ರೂ ವಾಪಸ್ ಕೊಡಕ್ಕಾಗಲ್ಲ. ಆಮೇಲೆ ಬಲಗಣ್ಣು."

ನಾನು ಸೀಸೆ ತೆಗೆದು ಚೀಲಕ್ಕೆ ಹಾಕಿಕೊಂಡೆ. ಮೀನಿನ ಬಗ್ಗೆ ಅಸಹ್ಯ ನನಗೇನೂ ಕಡಿಮೆ ಇರಲಿಲ್ಲ. ತಿಪಟೂರಿನ ಸಂತೆಯಲ್ಲಿ ಒಣಮೀನು ಮಾರುವ ಸಾಲು ಬಂದರೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಓಡುತ್ತಿದ್ದವಳು ನಾನು. ಆ ವಾಸನೆಯನ್ನೇ ಸೀಸೆಯಲ್ಲಿ ತುಂಬಿ ಕೊಟ್ಟಿದ್ದರು.

ಬಸ್ಸಿನಲ್ಲಿ ಮಗಳು ನನ್ನ ಸೆರಗಿನೊಳಗೆ ಮುಖ ಹುದುಗಿಸಿ ಮಲಗಿದ್ದಳು. ನನ್ನ ಗಂಡ ಪಕ್ಕದಲ್ಲಿ ಕೂತಿದ್ದರೂ ಚೀಲ ತಾಗದ ಹಾಗೆ ಆಚೆ ಸರಿದಿದ್ದರು.

"ಇಳಿದ ಮ್ಯಾಲೆ ಎಲ್ಲಾದ್ರೂ ಬಿಸಾಕ್ಬುಡು" ಎಂದರು. "ಮಾತ್ರೆನೇ ತರ್ಸನ. ನಾನೇ ತುಮಕೂರಿಗೆ ಹೋಯ್ತೀನಿ ಬೇಕಾರೆ."

"ಹೋಗ್ರೀ. ಬರೋಗಂಟ ಇದು ಕುಡಿಸ್ತೀನಿ."

"ಅಪ್ಪನ ಮುಂದೆ ಏನಂತ ಯೋಳ್ಲಿ?"

"ನೀವ್ ಯೋಳ್ಬ್ಯಾಡಿ. ನಾನೇ ಯೋಳ್ತೀನಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಮದುವೆಯಾಗಿ ಬಂದ ದಿನದಿಂದ ನಾನು ಮಾವನ ಎದುರು ತಲೆಯೆತ್ತಿ ಮಾತಾಡಿದವಳಲ್ಲ. ಕೇಳಿದ್ದಕ್ಕೆ ಬಾಗಿಲ ಮರೆಯಿಂದ "ಹೂಂ", "ಇಲ್ಲ" ಅಷ್ಟೇ. ಮಾವ ಊರಿನಲ್ಲಿ ಹಿರಿಯರು. ಎರಡು ಹೊತ್ತು ಪೂಜೆ ಮಾಡದೆ ಬಾಯಿಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲ. ತಿಪಟೂರಿಗೆ ಕೊಬ್ಬರಿ ಹಾಕಲು ಹೋದರೆ ಮನೆಯ ಬುತ್ತಿಯೇ, ಹೋಟೆಲಿನಲ್ಲಿ ಒಂದು ಲೋಟ ನೀರು ಕೂಡ ಇಲ್ಲ. ಯಾರಿಗೂ ಕೆಟ್ಟದ್ದು ಅಂದವರಲ್ಲ, ಕೈಯೆತ್ತಿದವರಲ್ಲ. ಆದರೆ ಅವರು ಒಂದು ಮಾತು ಅಂದರೆ ಮನೆಯಲ್ಲಿ ಅದರ ಮೇಲೆ ಇನ್ನೊಂದು ಮಾತಿರಲಿಲ್ಲ.

ಬಿಳಿಗೆರೆಯಲ್ಲಿ ಇಳಿದು ನಡೆಯುತ್ತ ಬಂದೆವು. ನಮ್ಮ ತೋಟ ಕಾಣಿಸಿದಾಗ ನನ್ನ ಕಾಲು ನಿಂತುಬಿಟ್ಟಿತು. ಮನೆಗೆ ಹೋದರೆ ಮಾತು ಶುರುವಾಗುತ್ತದೆ. ಮಾತು ಶುರುವಾದರೆ ನಾನು ಸೋಲುತ್ತೇನೆ ಎಂದು ನನಗೆ ಗೊತ್ತಿತ್ತು. ಬದುವಿನ ಮೇಲೆ ಕೂತು ಮಗಳನ್ನು ಮಡಿಲಿಗೆ ಎಳೆದುಕೊಂಡೆ. ಚಮಚ ಇರಲಿಲ್ಲ. ಸೀಸೆಯ ಮುಚ್ಚಳಕ್ಕೇ ಎಣ್ಣೆ ಬಗ್ಗಿಸಿದೆ. ವಾಸನೆಗೆ ಅವಳು ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಗಲ್ಲ ಒತ್ತಿ ಹಿಡಿದು ಹೊಯ್ದುಬಿಟ್ಟೆ. ನುಂಗಿದಳು. ಕೆಮ್ಮಿದಳು, ನನ್ನ ಸೀರೆಯ ಮೇಲೆ ಸ್ವಲ್ಪ ಬಿತ್ತು. ನನ್ನ ಗಂಡ ದೂರ ನಿಂತು ನೋಡುತ್ತಿದ್ದರು. ಅವರು ನನ್ನ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಮಾವ ಜಗಲಿಯ ಮೇಲೆ ಕೂತಿದ್ದರು. ನಾನು ಅಂಗಳದಲ್ಲೇ ನಿಂತೆ, ಒಳಗೆ ಹೋಗಲಿಲ್ಲ. "ಮಾವ, ಡಾಕ್ಟ್ರು ಮೀನೆಣ್ಣೆ ಕೊಟ್ಟವ್ರೆ. ಕುಡಿಸ್ದೆ ಇದ್ರೆ ಕಣ್ಣು ಕರಗಿಹೋಯ್ತದಂತೆ. ದಾರೀಲಿ ಒಂದ್ಸಲ ಕುಡಿಸ್ಬುಟ್ಟೆ. ದಿನಾ ಕುಡಿಸ್ಬೇಕಂತೆ" ಎಂದೆ. ಎಲ್ಲವನ್ನೂ ಒಂದೇ ಉಸಿರಿಗೆ.

ಅವರು ನನ್ನ ಮುಖ ನೋಡಲಿಲ್ಲ, ಮಗನ ಮುಖ ನೋಡಿದರು. ಮಗ ನೆಲ ನೋಡುತ್ತಿದ್ದರು. ಒಳಗಿನಿಂದ ಅತ್ತೆ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು. ನನ್ನ ಸೀರೆಯಿಂದ ಬರುತ್ತಿದ್ದ ವಾಸನೆ ಎಲ್ಲರಿಗೂ ತಾಗುತ್ತಿತ್ತು.

"ಮಗು ಕುರುಡಾಗ್ಲಿ ಅಂತ ನಾನ್ ಅನ್ನಾಕಿಲ್ಲ" ಎಂದರು ಮಾವ ಕೊನೆಗೆ. "ಕುಡಿಸ್ಕ. ಆದ್ರೆ ಆ ಸೀಸೆ ಈ ಹೊಸ್ತಿಲು ದಾಟ್ಕೂಡ್ದು. ಅದನ್ನ ಮುಟ್ಟಿದ ಕೈ ಬೇಯ್ಸಿದ್ದು ನಾನ್ ಉಣ್ಣಾಕಿಲ್ಲ."

ಅಷ್ಟೇ. ಎದ್ದು ತೋಟದ ಕಡೆ ಹೋದರು.

ಸೀಸೆ ಮೋಟ್ರು ಮನೆ ಸೇರಿತು. ತೋಟದ ಬಾವಿಯ ಪಕ್ಕ ನೀರೆತ್ತುವ ಮೋಟ್ರು ಇಟ್ಟಿದ್ದ ಸಣ್ಣ ಕೋಣೆ ಅದು. ಬೆಳಗಾದರೆ ಮಗಳನ್ನು ಎತ್ತಿಕೊಂಡು ಅಲ್ಲಿಗೆ ಹೋಗುವುದು, ಕುಡಿಸುವುದು, ಬಾಯಿಗೆ ಬೆಲ್ಲ ಇಡುವುದು, ಕಣ್ಣಿಗೆ ಮುಲಾಮು ಹಚ್ಚುವುದು, ಅಲ್ಲೇ ತೊಟ್ಟಿಯಲ್ಲಿ ಇಬ್ಬರೂ ತಲೆ ಮೇಲೆ ನೀರು ಹುಯ್ದುಕೊಂಡು ಒದ್ದೆ ಬಟ್ಟೆಯಲ್ಲಿ ಮನೆಗೆ ಬರುವುದು. ಅಡಿಗೆಮನೆ ಅತ್ತೆಯ ಪಾಲಾಯಿತು. ನಾನು ಬಡಿಸುವಂತಿಲ್ಲ, ನೀರು ತುಂಬುವಂತಿಲ್ಲ. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಒಂದು ದಿನ ಅತ್ತು ಹಗುರಾಗುತ್ತಿದ್ದೆನೇನೋ. ನಾನು ಹಾದುಹೋದರೆ ಮಾವ ಹೆಗಲ ಮೇಲಿನ ವಲ್ಲಿಯನ್ನು ಎಳೆದುಕೊಳ್ಳುತ್ತಿದ್ದರು, ಅಷ್ಟೇ. ತಟ್ಟೆಯಲ್ಲಿ ಅನ್ನ ಹಾಕಿ ಅತ್ತೆ ನನ್ನ ಕಡೆ ಸರಿಸುವಾಗ ನೆಲಕ್ಕೆ ಉಜ್ಜುವ ಸದ್ದಾಗುತ್ತಿತ್ತು.

ಇಷ್ಟೆಲ್ಲ ಮಾಡಿಯೂ ಕಣ್ಣು ಸರಿಯಾಗುವ ಲಕ್ಷಣ ಕಾಣಲಿಲ್ಲ. ಎಡಗಣ್ಣು ಕೆಂಡದ ಹಾಗೆ ಕೆಂಪಾಗಿ ಊದಿಕೊಂಡಿತು. ಅವಳು ಅದನ್ನು ತೆರೆಯಲು ಬಿಡುತ್ತಲೇ ಇರಲಿಲ್ಲ. ಮುಲಾಮು ಹಚ್ಚಲು ಹೋದರೆ ಒದೆಯುತ್ತಿದ್ದಳು. ಮುಚ್ಚಿದ ರೆಪ್ಪೆಯ ಹಿಂದೆ ಏನಾಗುತ್ತಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಕರಗುತ್ತಿದ್ದರೆ? ಡಾಕ್ಟರು ಹೇಳಿದ ಮೇಣ ಕನಸಿನಲ್ಲೂ ಬರುತ್ತಿತ್ತು. ನನ್ನ ಗಂಡ ತುಮಕೂರಿಗೆ ಹೋಗಿ ಬರಿಗೈಯಲ್ಲಿ ಬಂದರು. ಮಾತ್ರೆ ಮುಂದಿನ ವಾರ ಬರಬಹುದು ಎಂದಿದ್ದರಂತೆ. ಬಂದವರು ಮಗಳ ಊದಿದ ಮುಖ ನೋಡಿ, "ಇದ್ರಿಂದ್ಲೇ ಜಾಸ್ತಿ ಆಯ್ತೇನೋ" ಎಂದರು. ಅದೇ ಮಾತು ನನ್ನೊಳಗೂ ಇತ್ತು. ಅವರ ಬಾಯಿಂದ ಬಂದಾಗ ನಾನು ಎದ್ದುಹೋದೆ. ಮಾವನ ಮೌನದಲ್ಲೂ ಅದೇ ಮಾತು ಇದೆ ಅನ್ನಿಸುತ್ತಿತ್ತು. ದೇವರು ಒಪ್ಪದ್ದನ್ನು ಮಾಡಿ ಮಗುವಿನ ಕಣ್ಣು ಕಳೆದೆ ಎಂದು ಊರೆಲ್ಲ ಹೇಳುತ್ತದೆ, ನಾಳೆ ಮಗಳೂ ಹೇಳುತ್ತಾಳೆ ಎಂದು ಯೋಚಿಸುತ್ತ ಅಂಗಳ ಗುಡಿಸಿದ್ದನ್ನೇ ಗುಡಿಸುತ್ತಿದ್ದೆ.

ಅಂಥದರಲ್ಲಿ ನನಗೇ ಜ್ವರ ಬಂತು. ಎದೆ ಬಾವು. ಕೂಸಿಗೆ ಹಾಲು ಕೊಡಲಾಗದೆ, ಎದ್ದು ನಿಲ್ಲಲಾಗದೆ ಚಾಪೆಯ ಮೇಲೆ ಬಿದ್ದುಕೊಂಡೆ. ಬೆಳಗಾಯಿತು. ಬಿಸಿಲು ಹೆಂಚಿನ ಸಂದಿನಿಂದ ಗೋಡೆಗೆ ಬಂತು. ಮೋಟ್ರು ಮನೆಗೆ ಹೋಗುವ ಹೊತ್ತು ಮೀರಿಹೋಗುತ್ತಿತ್ತು.

"ನೀವಾದ್ರೂ ಕುಡಿಸ್ರೀ" ಎಂದು ಗಂಡನನ್ನು ಬೇಡಿಕೊಂಡೆ. ಅವರು ಮಗಳ ಕೈ ಹಿಡಿದು ಹೊರಟರು. ತೋಟದ ಬೇಲಿಯ ತಡಿಕೆಯವರೆಗೆ ಹೋದದ್ದು ಮಲಗಿದ್ದಲ್ಲಿಂದಲೇ ಬಾಗಿಲಾಚೆ ಕಾಣಿಸಿತು. ಅಲ್ಲೇ ನಿಂತರು. ವಾಪಸು ಬಂದರು.

"ನನ್ ಕೈಲಾಗಾಕಿಲ್ಲ ಕಣೆ" ಎಂದು ಮುಖ ಆಚೆ ತಿರುಗಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಅವತ್ತು ನನಗೆ ಅವರ ಮೇಲೆ ಬಂದ ಸಿಟ್ಟು ಈಗಲೂ ನೆನಪಿದೆ.

ಅತ್ತೆ ಒಲೆಯ ಮುಂದಿನಿಂದ ಎದ್ದರು. ಕೈ ತೊಳೆದು ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡರು.

"ಎಲ್ಲಿಗೆ ಅತ್ತೆ?"

"ಇಲ್ಲೇ, ತೋಟಕ್ಕೆ."

ಎಷ್ಟು ಹೊತ್ತಾದರೂ ಬರಲಿಲ್ಲ. ಅಷ್ಟು ಹೊತ್ತು ನಾನು ಮಲಗಿದ್ದಲ್ಲೇ ಸತ್ತು ಹುಟ್ಟಿದೆ. ಸೀಸೆಯನ್ನು ಬಾವಿಗೆ ಎಸೆದಿರುತ್ತಾರೆ ಅನ್ನಿಸಿತು. ಮನೆಯ ಮಾನ ಉಳಿಸಲು ಇದೇ ಸಮಯ ಎಂದುಕೊಂಡಿರುತ್ತಾರೆ, ನಾನು ಏಳಲಾರೆ ಎಂದು ಗೊತ್ತಲ್ಲ. ಬಾವಿಗೆ ಏನಾದರೂ ಬಿದ್ದ ಸದ್ದು ಇಲ್ಲಿಯವರೆಗೆ ಕೇಳುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ಮಲಗಿದ್ದೆ. ಗೋಡೆ ಹಿಡಿದು ಏಳಲು ನೋಡಿದೆ, ತಲೆ ತಿರುಗಿತು, ಮತ್ತೆ ಬಿದ್ದೆ.

ಇಬ್ಬರೂ ಬಂದರು. ಇಬ್ಬರ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಮಗಳು ಬಂದು ನನ್ನ ಕತ್ತಿನ ಹತ್ತಿರ ಒರಗಿದಳು. ಅವಳ ಉಸಿರಿನಲ್ಲಿ ಆ ವಾಸನೆ ಇತ್ತು. ಯಾವ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆನೋ ಅದನ್ನು ನಾನು ಎಳೆದೆಳೆದು ಮೂಸಿದೆ.

ಅತ್ತೆ ಬಾಗಿಲಿಗೆ ಒರಗಿ ಕೂದಲು ಹಿಂಡಿಕೊಳ್ಳುತ್ತಿದ್ದರು. "ಎಲ್ಡ್ ಸಲ ಉಗುಳ್ಬುಟ್ಲು" ಎಂದರು. "ಅದೆಂಥ ವಾಸ್ನೇನವ್ವ ಅದು! ಆಮ್ಯಾಕೆ ಮೂಗು ಹಿಡ್ದು ಹುಯ್ದೆ. ಕಣ್ಗೂ ಹಚ್ಚಿವ್ನಿ."

ಅವರ ಕೊರಳಿನ ಲಿಂಗದ ಕರಡಿಗೆ ಎದೆಯ ಮೇಲಿರಲಿಲ್ಲ, ಬೆನ್ನ ಕಡೆಗೆ ತಿರುಗಿತ್ತು. ಸೀಸೆ ಮುಟ್ಟುವ ಮುಂಚೆ ತಿರುಗಿಸಿಕೊಂಡದ್ದು, ಸರಿಮಾಡಿಕೊಳ್ಳಲು ಮರೆತಿದ್ದರು. ನಾನು ನೋಡುತ್ತಿರುವುದು ಕಂಡು ಮೆಲ್ಲಗೆ ಮುಂದಕ್ಕೆ ತಂದುಕೊಂಡರು.

"ಮಾವಂಗೆ ಗೊತ್ತಾದ್ರೆ?" ಎಂದೆ.

"ಗೊತ್ತಾಗೋದೇನು, ಬರ್ತಾನೇ ಯೋಳ್ಬಂದೆ. ಮುಚ್ಚಿಟ್ಕೊಂಡು ಬಡ್ಸೋದು ನಂಗೆ ಬರಾಕಿಲ್ಲ. ಅಂಟಿದ್ರೆ ನನ್ ಕೈಗೆ ಅಂಟ್ಲಿ. ನಾನ್ ಹೋಗೋಳು, ಅವ್ಳು ಬಾಳೋಳು."

ಅವತ್ತು ಮಧ್ಯಾಹ್ನ ಮಾವ ತಾವೇ ಒಲೆ ಹಚ್ಚಿದರು. ಆಡಿದ ಮಾತು ಆಡಿದ್ದೇ. ಹೆಂಡತಿಗೆ ಬೇರೆ, ಸೊಸೆಗೆ ಬೇರೆ ಮಾಡುವವರಲ್ಲ ಅವರು. ಅಂಗಳದ ಮೂಲೆಯಲ್ಲಿ ಕಲ್ಲು ಹೂಡಿ, ಮಟ್ಟೆಗೆ ಬೆಂಕಿ ಕೊಟ್ಟು, ಹೊಗೆಯಲ್ಲಿ ಕೆಮ್ಮುತ್ತ ಗಂಜಿ ಬೇಯಿಸಿದರು. ತಳ ಹತ್ತಿದ ವಾಸನೆ ಒಳಗೆ ಮಲಗಿದ್ದ ನನಗೂ ಬಂತು. ಅತ್ತೆ ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದರು. ಅವರ ಜೊತೆ ಅಷ್ಟು ವರ್ಷ ಬಾಳಿದ ಹೆಂಗಸು, ಸೌಟು ಎತ್ತಿಕೊಡಲೂ ಏಳಲಿಲ್ಲ. ನನಗೆ ಜ್ವರದಲ್ಲೂ ಗಾಬರಿಯಾಗುತ್ತಿತ್ತು. ಈ ಮನೆ ಇನ್ನು ಒಟ್ಟಾಗಿ ಉಣ್ಣುವುದಿಲ್ಲ, ಮುರಿದದ್ದು ನನ್ನಿಂದ ಅನ್ನಿಸುತ್ತಿತ್ತು.

ನನ್ನ ಬಾವು ಒಡೆದು ಜ್ವರ ಇಳಿಯುವವರೆಗೆ ಅತ್ತೆಯೇ ದಿನವೂ ಮೋಟ್ರು ಮನೆಗೆ ಹೋದರು. ಮಾವ ದಿನವೂ ಅಂಗಳದ ಒಲೆಯ ಹೊಗೆ ಕುಡಿದರು. ತುಮಕೂರಿನ ಮಾತ್ರೆ ಬರಲೇ ಇಲ್ಲ, ಆದರೆ ಅಷ್ಟರಲ್ಲಿ ಭೇದಿ ನಿಂತಿತ್ತು. ಅವಳು ಹಸಿವು ಎಂದು ಕೇಳಲು ಶುರುಮಾಡಿದ್ದಳು. ಎಡಗಣ್ಣಿನ ಊತ ಇಳಿಯುತ್ತ ಬಂತು. ಆದರೆ ಸಂಜೆಯ ಕಣ್ಣಿನ ಬಗ್ಗೆ ನಾನು ಪರೀಕ್ಷೆ ಮಾಡಲು ಹೋಗಲಿಲ್ಲ. ಹೆದರಿಕೆ. ಕಾಣುವುದಿಲ್ಲ ಎಂದು ಗೊತ್ತಾಗುವುದಕ್ಕಿಂತ ಗೊತ್ತಿಲ್ಲದೆ ಇರುವುದೇ ಮೇಲು ಅನ್ನಿಸಿ, ಹೊತ್ತು ಇಳಿಯುವ ಮುಂಚೆಯೇ ಅವಳನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ.

ಒಂದು ಸಂಜೆ ಕರೆಯುವುದು ಮರೆತೆ. ಮಾವ ಸಂಜೆಯ ಪೂಜೆ ಮುಗಿಸಿ ಜಗಲಿಗೆ ಬಂದು ಕೂತಿದ್ದರು. ನಾನು ಒಳಗೆ ಲಾಟೀನಿನ ಗಾಜು ಒರೆಸುತ್ತಿದ್ದೆ, ಇನ್ನೂ ಹಚ್ಚಿರಲಿಲ್ಲ. ಹೊರಗೆ ಮಗಳ ದನಿ ಕೇಳಿಸಿತು.

"ತಾತ, ನಿನ್ ಹಣೆ ಮ್ಯಾಲೆ ಈಬೂತಿ ಅಳಿಸೋಗೈತೆ. ಈ ಕಡೀಕೆ."

ನಾನು ಗಾಜನ್ನು ಕೆಳಗಿಟ್ಟೆ.

"ಯಾರ್ ಯೋಳಿದ್ರು ನಿಂಗೆ?" ಎಂದರು ಮಾವ.

"ಯಾರೂ ಇಲ್ಲ. ಕಾಣ್ತೈತಲ್ಲ."

ನಾನು ಬಾಗಿಲ ಮರೆಗೆ ಬಂದೆ. ಮಾವ ಎದ್ದು ಜಗಲಿ ಇಳಿದು ಅಂಗಳದ ಆಚೆ ತುದಿಗೆ, ಮಟ್ಟೆ ರಾಶಿಯ ಹತ್ತಿರ ಹೋಗಿ ನಿಂತರು. ಆ ಮಬ್ಬಿನಲ್ಲಿ ಅವರ ಬಿಳಿ ಪಂಚೆ ಮಾತ್ರ ನನಗೆ ಚೆನ್ನಾಗಿ ಕಾಣುತ್ತಿತ್ತು. ವಲ್ಲಿಯನ್ನು ತೆಗೆದು ಕೈಯಲ್ಲಿ ಹಿಡಿದರು.

"ಈಗ ನಾನೇನ್ ಮಾಡ್ತಾವ್ನಿ ಯೋಳವ್ವ."

"ವಲ್ಲಿ ಮಡಿಸ್ತಿದೀಯ."

"ಈಗ?"

"ತಲೆ ಮ್ಯಾಲ್ ಹಾಕ್ಕಂಡೆ." ಅವಳಿಗೆ ನಗು ಬಂತು. "ತಾತ ಹೆಣ್ಣಮ್ಮ ಆಗೋದ!"

ಅವರು ನಗಲಿಲ್ಲ. ಕೆಳಗೆ ಬಗ್ಗಿ, ನೆಲದಿಂದ ಏನೋ ಸಣ್ಣದು ಹೆಕ್ಕಿ ಅವಳ ಕಡೆ ಉರುಳಿಸಿದರು. ಎಳೆ ಹರಳು, ತೆಂಗಿನ ಮರದಿಂದ ಉದುರಿದ ಮಿಡಿ. ಅದು ನೆಲದ ಮೇಲೆ ಓರೆಯಾಗಿ ಉರುಳಿ ಬೇರೆ ಕಡೆ ಹೋಯಿತು. ಅವಳು ಅದರ ಹಿಂದೆ ಓಡಿದಳು. ಒಂದು ಕ್ಷಣವೂ ತಡವರಿಸದೆ ಬಗ್ಗಿ ಎತ್ತಿಕೊಂಡಳು.

ನಾನು ಅಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಅಡಿಗೆಮನೆಯಿಂದ ಅತ್ತೆ ಬಂದು ನನ್ನ ಹಿಂದೆ ನಿಂತಿದ್ದರು. ಅವರ ಕೈ ನನ್ನ ಬೆನ್ನ ಮೇಲೆ ಬಂತು.

ಮಾವ ವಾಪಸು ಬಂದು ಜಗಲಿಯ ಮೇಲೆ ಕೂತರು. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಒಳಗಿನ ಕಡೆಗೆ ತಿರುಗದೆಯೇ, "ಒಂದ್ ಚೊಂಬು ನೀರ್ ತಗಂಬಾರವ್ವ" ಎಂದರು.

ಅತ್ತೆಗೆ ಹೇಳಿದ್ದೋ ನನಗೋ ತಿಳಿಯಲಿಲ್ಲ. ಅತ್ತೆಯನ್ನು ಅವರು ಹಾಗೆ ಕರೆಯುತ್ತಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ಚೊಂಬನ್ನು ನನ್ನ ಕೈಗೆ ಕೊಟ್ಟರು. ನೀರು ತುಂಬಿಕೊಂಡು ಹೋಗಿ ಜಗಲಿಯ ಮೇಲಿಟ್ಟು ಹಿಂದೆ ಸರಿದೆ. ಮಾವ ಎತ್ತಿ ಕುಡಿದರು, ಪೂರ್ತಿ. ಖಾಲಿ ಚೊಂಬನ್ನು ನೆಲಕ್ಕಿಡದೆ ನನ್ನ ಕಡೆಗೆ ಚಾಚಿದರು.

ಮರುದಿನ ಅಂಗಳದ ಮೂಲೆಯ ಕಲ್ಲುಗಳು ಅಲ್ಲಿರಲಿಲ್ಲ. ಸೀಸೆ ಮಾತ್ರ ಮೋಟ್ರು ಮನೆಯಲ್ಲೇ ಇತ್ತು. ಮುಗಿಯುವವರೆಗೂ ಅದು ಹೊಸ್ತಿಲು ದಾಟಲಿಲ್ಲ. ಅದನ್ನು ಒಳಗೆ ತರಬೇಕೆಂದು ನನಗೂ ಅನ್ನಿಸಲಿಲ್ಲ.

ಸೀಸೆ ಮುಗಿದ ಮೇಲೆ ತೋರಿಸಲು ಮತ್ತೆ ತಿಪಟೂರಿಗೆ ಹೋದೆವು. ಈ ಸಲ ನನ್ನ ಜೊತೆ ಹೊರಟವರು ಅತ್ತೆ. ಡಾಕ್ಟರು ರೆಪ್ಪೆ ಎತ್ತಿ ನೋಡಿ, ಬಲಗಣ್ಣು ಪೂರಾ ಸರಿಯಾಗಿದೆ, ಎಡಗಣ್ಣಿನ ಗುಡ್ಡೆಯ ಅಂಚಿನಲ್ಲಿ ಒಂದು ಬಿಳಿ ಗುರುತು ಉಳಿಯುತ್ತದೆ, ದೃಷ್ಟಿಗೆ ಅಡ್ಡ ಬರುವುದಿಲ್ಲ ಎಂದರು. ಸೊಪ್ಪು, ಪರಂಗಿ ಹಣ್ಣು, ಹಾಲು, ತುಪ್ಪ ತಪ್ಪಿಸಬೇಡಿ ಎಂದರು. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಎದ್ದು ಬರುವಾಗ, "ಉಳಿದ ಗುರ್ತು ಹೋಗಾಕೆ ಇನ್ನೊಂದ್ ಸೀಸೆ ಬೇಕಾಗಾಕಿಲ್ವಾ ಸಾಮಿ?" ಎಂದು ಕೇಳಿದರು. ಡಾಕ್ಟರು ಅವರ ಕೊರಳಿನ ಕರಡಿಗೆ ನೋಡಿದರು, ಅವರ ಮುಖ ನೋಡಿದರು. "ಬೇಡ ತಾಯಿ, ಸಾಕು" ಎಂದರು. ಆ ಗಡಸು ಮನುಷ್ಯನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಆಗಲೇ ಕೇಳಿದ್ದು.

ಪೇಟೆಯಲ್ಲಿ ಒಂದಷ್ಟು ಕೆಲಸ ಮುಗಿಸಿ ಬಸ್ಸು ಹತ್ತುವಾಗ ಹೊತ್ತು ಇಳಿದಿತ್ತು. ಮಗಳು ಕಿಟಕಿಯ ಪಕ್ಕ ಅಜ್ಜಿಯ ತೊಡೆಯ ಮೇಲೆ ಕೂತಿದ್ದಳು. ಊರು ದಾಟಿ ತೋಟಗಳು ಶುರುವಾದವು. ಆಕಾಶದಲ್ಲಿ ಬೆಳಕು ತೆಳ್ಳಗಾಗುತ್ತಿತ್ತು. ಅವಳು ಕಂಡದ್ದನ್ನೆಲ್ಲ ಹೇಳತೊಡಗಿದಳು. ಎಮ್ಮೆ. ಇನ್ನೊಂದ್ ಎಮ್ಮೆ. ಸೈಕಲ್ ಮ್ಯಾಲೆ ಮಾಮ. ದೀಪ. ಗಾಡಿ. ಗಾಡಿ ಹಿಂದೆ ನಾಯಿ. ಕಾಯಿ ರಾಶಿ. ಒಂದು ಕಾಣಿಸಿ ಮುಗಿಯುವ ಮುಂಚೆ ಇನ್ನೊಂದು. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೊಬ್ಬರು ತಿರುಗಿ, "ಏನಮ್ಮ, ಮಗೀನ ಸ್ವಲ್ಪ ಸುಮ್ನಿರ್ಸಿ. ಊರಲ್ಲಿರೋದ್ನೆಲ್ಲ ಲೆಕ್ಕ ಹಾಕ್ತಾಳಲ್ಲ" ಎಂದರು.

ನಾನು ಅವಳ ಬಾಯಿಗೆ ಕೈ ಅಡ್ಡ ಇಡಲು ಹೋದೆ. ಅತ್ತೆ ನನ್ನ ಕೈ ಸರಿಸಿದರು.

"ಯೋಳ್ಲಿ ಬುಡಪ್ಪ" ಎಂದರು ಮುಂದಿನ ಸೀಟಿನವರಿಗೆ. ಆಮೇಲೆ ಮೊಮ್ಮಗಳ ಕಡೆ ಬಗ್ಗಿ, "ಇನ್ನೇನ್ ಕಾಣ್ತೈತೆ, ಯೋಳವ್ವ" ಎಂದರು.

ಬಿಳಿಗೆರೆ ಬರುವವರೆಗೂ ಅವಳು ಹೇಳುತ್ತಲೇ ಇದ್ದಳು.